ಪುಟಾಣಿಯ ಮೇಲಿನ ದೂರು

ಸಂಜೀವಕುಮಾರ ಅಂಗಳದಲ್ಲಿ ಗೋಣಿಚೀಲ ಝಾಡಿಸುತ್ತಿದ್ದ. ನಾಯಿ ಪುಟಾಣಿಯನ್ನು ಅದರಲ್ಲಿ ಹಾಕಿಕೊಂಡು ಹೋಗಿ ಬಶೀರಾಬಾದ್ ರಸ್ತೆಯಲ್ಲಿ ಬಿಟ್ಟು ಬರುವುದೆಂದು ಅವನು ತೀರ್ಮಾನಿಸಿದ್ದ. ಒಳಗೆ ಅವನ ಹೆಂಡತಿ ಶಿವಕಾಂತಾ ಜೋಳದ ಹಿಟ್ಟು ನಾದುತ್ತಿದ್ದಳು. ನಾದುವುದೇನು, ಗುದ್ದುತ್ತಿದ್ದಳು.

ತಾಂಡೂರಿನ ಆ ಮನೆಯಲ್ಲಿ ಎರಡು ನಾಯಿಗಳು. ಸುಲ್ತಾನ, ಸಂಜೀವಕುಮಾರ ದುಡ್ಡು ಕೊಟ್ಟು ತಂದ ಜಾತಿನಾಯಿ. ಹುರಿಗಡಲೆ ಬಣ್ಣದ ಪುಟಾಣಿ ಮಳೆಯಲ್ಲಿ ನೆನೆದು ಗೇಟಿನಡಿ ನುಸುಳಿ ಬಂದದ್ದು, ಶಿವಕಾಂತಾ ಇಟ್ಟುಕೊಂಡಿದ್ದಳು. ಎರಡೂ ಸೇರಿದರೆ ಮನೆ ಮನೆಯಾಗಿ ಉಳಿಯುತ್ತಿರಲಿಲ್ಲ. ಪುಟಾಣಿ ಮೂತಿಯಿಂದ ಚಿಲಕ ಎತ್ತಿದರೆ ಸುಲ್ತಾನ ನುಗ್ಗುತ್ತಿತ್ತು. ಸಂಡಿಗೆಯ ಮೇಲೆ ಕುಸ್ತಿ ನಡೆಯುತ್ತಿತ್ತು. ಬಟ್ಟೆಬುಟ್ಟಿ ಉರುಳಿಸಿ ಪ್ಯಾಂಟಿನ ಜೇಬು ಹರಿಯುವುದಂತೂ ಸುಲ್ತಾನನ ಚಟ. ಬೈಗುಳ ಮಾತ್ರ ಪುಟಾಣಿಗೆ.

"ಬೀದೀದು ಬೀದಿ ಬುದ್ಧಿನೇ ಕಲಿಸ್ತದ" ಎನ್ನುತ್ತಿದ್ದ ಸಂಜೀವಕುಮಾರ.

ಆ ಮಾತಿನ ರುಚಿ ಶಿವಕಾಂತಾಳಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ಹಾಲು ಉಕ್ಕಿದರೂ ಗಂಡನಿಗೆ ಜ್ವರ ಬಂದರೂ ಅತ್ತೆ ಸುಮಿತ್ರಾಬಾಯಿ ಅವಳ ತವರೂರು ಎತ್ತಿ, "ನಾರಾಯಣಖೇಡದವರ ಕೈಗುಣ" ಎನ್ನುತ್ತಿದ್ದಳು.

ಮೊನ್ನೆ ಪಾದಪೂಜೆಗೆ ಬಂದಿದ್ದ ಮಠದ ಅಯ್ಯನವರ ಚಪ್ಪಲಿಗಳನ್ನು ನಾಯಿಗಳು ಒಂದೊಂದರಂತೆ ಹಂಚಿಕೊಂಡು ಕಡಿದಿದ್ದವು.

"ಮಂದ್ಯಾಗ ಇಜ್ಜತ್ ತಗೀತು. ಅದನ್ನ ಇಟ್ಕೊಳಂಗಿಲ್ಲ" ಎಂದಿದ್ದ ಗಂಡ.

"ಒಂದ್ ಚಪ್ಪಲ್ ಸುಲ್ತಾನನ ಬಾಯಾಗ ಇತ್ತಲ್ರಿ?"

"ಅದು ಸಣ್ಣದು. ತಿಳೀಲಾರದು."

"ಕೋಣ ಆದಂಗ ಆಗ್ಯಾದ, ಸಣ್ಣದಂತ!"

ಈಗ ಅಂಗಳದಲ್ಲಿ ಗುರುಗುಟ್ಟುವ ಸದ್ದು. ಹಿಟ್ಟಿನ ಕೈಯಲ್ಲೇ ಶಿವಕಾಂತಾ ಹೊರಗೆ ಬಂದಳು. ಪಡಸಾಲೆಯಲ್ಲಿ ಅತ್ತೆ ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆಗೆ ಕೂತಿದ್ದಳು. ಅವಳೆದುರಿಗೇ ನಾಯಿಗಳು ಪ್ಯಾಂಟೊಂದನ್ನು ಎಳೆದು ತಂದಿದ್ದವು. ನಿನ್ನೆ ಜಹೀರಾಬಾದಿಗೆ ಹೋಗಿಬಂದ ಸಂಜೀವಕುಮಾರ ಬಿಚ್ಚಿ ಎಸೆದದ್ದು. ಪುಟಾಣಿ ಕಾಲು ಜಗ್ಗುತ್ತಿತ್ತು, ಸುಲ್ತಾನ ಜೇಬಿಗೇ ಮೂತಿ ಹಾಕಿತ್ತು. ಪ್ಲಾಸ್ಟಿಕ್ ಚೀಲ ಹರಿದು ಹಾಸುಗಲ್ಲಿನ ಮೇಲೆ ಕೋಳಿಯ ಎಲುಬುಗಳು ಬಿದ್ದವು. ಹಿಂದೆಯೇ ದಾರದ ಸಮೇತ ಬೆಳ್ಳಿಯ ಕರಡಿಗೆ ಉರುಳಿತು.

ಕೊರಳಿನಿಂದ ಅಗಲಬಾರದ ಲಿಂಗವಿದ್ದ ಕರಡಿಗೆ.

ಸಂಜೀವಕುಮಾರನ ಕೈ ಎದೆಗೆ ಹೋಯಿತು. ಎದೆ ಖಾಲಿ. ನಿನ್ನೆ ಕೋಳಿ ತಿನ್ನುವ ಮೊದಲು ಲಿಂಗ ತೆಗೆದು ಜೇಬಿಗಿಟ್ಟವನು ತಿರುಗಿ ಕಟ್ಟಿಕೊಳ್ಳುವುದನ್ನು ಮರೆತಿದ್ದ. ಸುಲ್ತಾನನಿಗೆಂದು ತಂದ ಎಲುಬುಗಳನ್ನೂ ಮರೆತಿದ್ದ. ಜೇಬು ಹರಿಯುವ ಚಟ ಅದಕ್ಕೆ ಹಚ್ಚಿದವರು ಯಾರೆಂದು ಶಿವಕಾಂತಾಳಿಗೆ ತಿಳಿಯಿತು.

ಸುಮಿತ್ರಾಬಾಯಿ ಕೈಯೆತ್ತಿ ತೋರಿಸಿದಳು. ಪುಟಾಣಿಯ ಕಡೆಗೆ.

"ಸೊಸೀ, ಮೊದಲ ಆ ನಾಯಿನ್ನ ಹೊರಗ್ ಹಾಕು. ಲಿಂಗ ಮೈಲಿಗಿ ಮಾಡ್ಯಾದ."

"ನಾ ಹೇಳಿಲ್ಲೇನವ್ವಾ? ಎಲ್ಲಾ ಅದರದೇ ಕಾರಭಾರ" ಎನ್ನುತ್ತ ಸಂಜೀವಕುಮಾರ ಚೀಲ ಬಿಚ್ಚಿದ.

ಶಿವಕಾಂತಾ ಅತ್ತೆಯ ಕಡೆ ತಿರುಗಿದಳು.

"ಕೊರಳಾಗಿನ ಲಿಂಗ ಬಿಚ್ಚಿದ್ದೂ ಪುಟಾಣೀನೇ ಏನ್ರಿ ಅತ್ತಿ? ಜಹೀರಾಬಾದಿಗಿ ಹೋಗಿ ಕೋಳಿ ತಿಂದ್ ಬಂದದ್ದೂ ಅದೇ ಏನು?"

"ಸಾವಕಾಶ ಮಾತಾಡು. ಬಾಜೂದವರು ಕೇಳ್ತಾರ" ಎಂದ ಸಂಜೀವಕುಮಾರ.

"ಕೇಳ್ಲಿ! ನೀವ್ ಏನರ ತಿನ್ರಿ, ನಿಮ್ಮ್ ಹೊಟ್ಟಿ, ನಾ ಕೇಳಂಗಿಲ್ಲ. ತಿನ್ನಾಕ ನೀವು, ಚೀಲದಾಗ ಹೋಗಾಕ ಅದು? ಮುಟ್ರಿ ನೋಡ್ತೀನಿ ಅದನ್ನ!"

ಅವಳು ಗಂಡನಿಗೂ ಪುಟಾಣಿಗೂ ನಡುವೆ ನಿಂತಳು. ತನ್ನ ದನಿ ಇಷ್ಟು ದೊಡ್ಡದೆಂದು ಅವಳಿಗೇ ಗೊತ್ತಿರಲಿಲ್ಲ. ಸಂಜೀವಕುಮಾರ ತಾಯಿಯ ಮುಖ ನೋಡಿದ. ಸುಮಿತ್ರಾಬಾಯಿ ಎಲುಬುಗಳನ್ನು ನೋಡಿ, ಕೈಯ ಲಿಂಗವನ್ನು ಸೆರಗಿನಿಂದ ಮುಚ್ಚಿಕೊಂಡಳು.

"ಕರಡಿಗಿ ಎತ್ಕೋ ಸಂಜೀವಾ" ಎಂದಳು. "ಅಯ್ನೋರ ಬಲ್ಲಿ ನೀನೇ ಹೋಗಿ ಹೇಳು. ಈ ಸಲ ನಿನ್ನ ತಪ್ಪು ಮುಚ್ಚಾಕ ನಾ ಬರಂಗಿಲ್ಲ."

ಸೊಸೆಯದು ಸರಿ ಎಂದು ಅವಳು ಹೇಳಲಿಲ್ಲ. ಪುಟಾಣಿಯ ಮಾತೂ ಎತ್ತಲಿಲ್ಲ. ಸಂಜೀವಕುಮಾರ ಕರಡಿಗೆ ಎತ್ತಿಕೊಂಡು, ಯಾರನ್ನೂ ನೋಡದೆ, ಒಬ್ಬನೇ ಬೈಕು ಹತ್ತಿ ಹೋದ.

ಪುಟಾಣಿ ಉಳಿಯಿತು. ಶಿವಕಾಂತಾಳ ಸಿಟ್ಟೂ ಉಳಿಯಿತು. ಒಂದು ನಾಯಿಗಾಗಿ ಬಂದ ಈ ದನಿ ತನಗಾಗಿ ಇಷ್ಟು ವರ್ಷ ಎಲ್ಲಿ ಹೋಗಿತ್ತು?

ನಾಯಿಗಳು ಮತ್ತೆ ಪ್ಯಾಂಟಿಗೆ ಬಾಯಿ ಹಾಕಿದವು. ಒಂದೊಂದು ಕಾಲು ಒಂದೊಂದಕ್ಕೆ. ಬಟ್ಟೆ ಪರ್ರನೆ ಹರಿಯಿತು. ಅವಳು ಗದರಲಿಲ್ಲ.

"ರೊಟ್ಟಿ ತಡ ಆಗ್ತಾವ್ರಿ" ಎಂದು ಅತ್ತೆಗೆ ಹೇಳಿ, ಹಿಟ್ಟಿನ ಕೈಯಲ್ಲೇ ಮೆಟ್ಟಿಲ ಮೇಲೆ ಕೂತಳು.