ಕುಳ್ಳನ ಬಿಳಿಗೆರೆ ಕಲ್ಲು

ಮಗಳ ಜ್ವರ ಇಳಿದ ಮೇಲೆ, ಹತ್ತು ದಿನದ ರಜೆ ಮುಗಿಸಿ ಮೃಗಾಲಯದ ಪೆಂಗ್ವಿನ್ ಮನೆಗೆ ಕಾಲಿಟ್ಟೆ. ನಾನು ಸಾಕಿ ಬೆಳೆಸಿದ ಪೆಂಗ್ವಿನ್ ಕುಳ್ಳ ಇತ್ತ ತಿರುಗಿಯೂ ನೋಡಲಿಲ್ಲ. ಕೊಕ್ಕಿನಲ್ಲಿ ಒಂದು ಕಲ್ಲು ಕಚ್ಚಿಕೊಂಡು ತಟಪಟ ಹೋದವನು, ಅದನ್ನು ನನ್ನ ಬದಲಿಗೆ ಬಂದಿದ್ದ, ಗಿಳಿಗಳನ್ನು ನೋಡಿಕೊಳ್ಳುವ ಗಿಳಿಮನೆಯವಳ ಬೂಟಿನ ಮುಂದೆ ಇಟ್ಟು ತಲೆಬಾಗಿದ.



ಇವುಗಳ ಲೋಕದಲ್ಲಿ ಕಲ್ಲೆಂದರೆ ಮನೆ. ಗಂಡು ಒಂದೊಂದೇ ಆರಿಸಿ ತಂದು ಒಲಿದವಳಿಗೆ ಕೊಡುತ್ತದೆ. ಗೂಡು ಕಟ್ಟುವುದು ಅದರಿಂದಲೇ. ಹೆತ್ತವರು ತೊರೆದ ಮೊಟ್ಟೆಗೆ ಕಾವು ಕೊಡಿಸಿ ಕುಳ್ಳನನ್ನು ಉಳಿಸಿಕೊಂಡವಳು ನಾನು. ಅರೆದ ಮೀನನ್ನು ಮೂರು ತಾಸಿಗೊಮ್ಮೆ ಸಿರಿಂಜಿನಲ್ಲಿ ಕುಡಿಸಿದವಳು ನಾನು. ಮೂರು ವರ್ಷದಿಂದ ಕಲ್ಲು ಬರುತ್ತಿದ್ದದ್ದು ನನ್ನ ಬೂಟಿಗೆ.

"ಕುಳ್ಳಾ, ಬಾರೋ!" ಎಂದೆ. ಮಗಳ ಶೀತ ನನಗೂ ಅಂಟಿತ್ತು. ಹೊರಟದ್ದು ಗರಗಸದ ಸದ್ದು.

"ಬೇಜಾರ್ ಮಾಡ್ಕೋಬೇಡಿ ಅಕ್ಕಾ," ಎಂದಳು ಅವಳು. "ನೀವು ಹೋದ್ಮೇಲೆ ಎರಡು ದಿನ ಮೀನೇ ಮುಟ್ಲಿಲ್ಲ. ಇವು ತಮ್ಮೋರನ್ನ ದನಿಯಿಂದಾನೇ ಗುರುತು ಹಿಡೀತಾವಲ್ಲ? ನಿಮ್ಮ ಹಾಗೇ ಕೂಗಿದೆ. ಬಂದೇ ಬಿಟ್ಟ!"

"ಗಿಳಿಗಳ ಜೊತೆ ಇದ್ದು ಚೆನ್ನಾಗೇ ಕಲ್ತಿದೀಯ ಬಿಡು."

ಅವಳು ನಕ್ಕು, ಕಲ್ಲನ್ನು ಕೋಟಿನ ಜೇಬಿಗೆ ಹಾಕಿಕೊಂಡಳು. ಅವನನ್ನು ಉಪವಾಸ ಬೀಳದಂತೆ ಕಾಪಾಡಿದ್ದು ಅವಳೇ. ಆದರೂ ನಾನು ಮೀನಿನ ಖಾಲಿ ಬಕೆಟ್ಟನ್ನು ಅವಳ ಕೈಗೆ ತುರುಕಿದೆ.

ಅವಳು ಬಕೆಟ್ ತೊಳೆಯಲು ಹೋದಾಗ, ಗೂಟಕ್ಕೆ ನೇತುಹಾಕಿದ್ದ ಅವಳ ಕೋಟಿನ ಜೇಬಿನಿಂದ ಆ ಕಲ್ಲನ್ನು ಎತ್ತಿಕೊಂಡೆ. ಕಂದು ಬಣ್ಣ, ನಡುವೆ ಬಿಳಿಗೆರೆ. ಗಾಜಿನಾಚೆ, ಪಕ್ಕದ ಗೂಡಿನಿಂದ ಕಲ್ಲು ಎಗರಿಸುತ್ತಿದ್ದ ಹೆಣ್ಣು ಪೆಂಗ್ವಿನ್ನೊಂದು ನನ್ನನ್ನೇ ನೋಡುತ್ತಿತ್ತು.

"ಏನೇ ಹಾಗ್ ನೋಡ್ತೀಯ? ನಿನ್ನ ಕಸುಬೇ ತಾನೇ?" ಎಂದೆ.

ನಾಲ್ಕನೇ ದಿನ ದನಿ ಮರಳಿತು. "ಕುಳ್ಳಾ, ಬಾರೋ!"

ಬಂದ! ಮುಗ್ಗರಿಸುತ್ತ, ರೆಕ್ಕೆ ಅಗಲಿಸಿಕೊಂಡು ಓಡೋಡಿ ಬಂದ. ಕೊಕ್ಕು ಮಾತ್ರ ಬರಿದು. ಇರಲಿ, ನಾನೇ ಕೊಡುತ್ತೇನೆಂದು ಜೇಬಿನ ಕಲ್ಲನ್ನು ಅವನ ಮುಂದಿಟ್ಟೆ. ಕತ್ತು ಓರೆ ಮಾಡಿ ನೋಡಿದ. ಕಚ್ಚಿದ. ನನ್ನನ್ನು ಸುತ್ತಿ ಸೀದಾ ಹೋಗಿ, ಅವನನ್ನು ನೋಡಿ ಹೋಗಲು ಬಂದಿದ್ದ ಗಿಳಿಮನೆಯವಳ ಬೂಟಿನ ಮುಂದೆ ಇಟ್ಟ.

"ಅಯ್ಯೋ, ನನ್ನ ಬಿಳಿಗೆರೆ!" ಎಂದು ಅವಳು ಬಗ್ಗಿ ಎತ್ತಿಕೊಂಡಳು. "ಎಷ್ಟು ಹುಡುಕಿದೆ ಗೊತ್ತಾ? ಯಾರಕ್ಕಾ ಕದ್ದಿದ್ದು?"

"ಇಲ್ಲಿ ಕಲ್ಲು ಕದಿಯದೋರು ಯಾರಿದಾರಮ್ಮ," ಎಂದು ಪೈಪು ಎತ್ತಿಕೊಂಡೆ. ಆಗಲೇ ತೊಳೆದಿದ್ದ ನೆಲವನ್ನು ಮತ್ತೆ ತೊಳೆಯತೊಡಗಿದೆ.