ಲೇಬಲ್ ಇಲ್ಲದ ಬಾಟಲಿ

ಮೂವತ್ತೊಂದು ವರ್ಷ ಜೀವರಸಾಯನ ವಿಭಾಗದ ಗಾಜು ತೊಳೆದೂ ತೊಳೆದೂ ದೊಡ್ಡಮ್ಮನ ಬೆರಳ ತುದಿಗಳು ನುಣ್ಣಗಾಗಿಬಿಟ್ಟಿದ್ದವು. ಮೇಷ್ಟ್ರಿಂದ ಹಿಡಿದು ಮೊನ್ನೆ ಸೇರಿದವರವರೆಗೆ ಎಲ್ಲರಿಗೂ ಅವಳು ದೊಡ್ಡಮ್ಮನೇ. ನಿವೃತ್ತಿಗೆ ಇನ್ನು ಹದಿನೆಂಟು ದಿನ. ಕೋಲ್ಡ್ ರೂಮಿನ ಬಾಗಿಲ ಮೇಲೆ ಅವಳೇ ಅಂಟಿಸಿದ ಚೀಟಿ ಇತ್ತು: ‘ಲೇಬಲ್ ಇಲ್ಲದ ಬಾಟಲಿ ನೇರ ಸಿಂಕಿಗೆ.’ ಬರೆದದ್ದು ಅಷ್ಟು ಖಡಾಖಂಡಿತವಾದರೂ, ಚೆಲ್ಲುವ ಮುಂಚೆ ಕಾರಿಡಾರಿಗೆ ಬಂದು, ಬಾಟಲಿ ಎತ್ತಿ ಹಿಡಿದು, “ಯಾರದ್ರಪ್ಪಾ ಇದು?” ಅಂತ ಒಮ್ಮೆ ಕೂಗುವುದು ಅವಳ ಪದ್ಧತಿ. ಆ ಮಂಗಳವಾರ ಅಂಥದೊಂದು ಬಾಟಲಿ ಸಿಕ್ಕಾಗ ಮಾತ್ರ ಕೂಗಲಿಲ್ಲ. ಮಂಡಿ ಹಿಡಿದುಕೊಂಡಿತ್ತು. ಹಾಳಾಗಿ ಹೋಗಲಿ ಅಂತ ಚೆಲ್ಲಿ, ತೊಳೆದು, ಬೋರಲು ಹಾಕಿದಳು.

ಸಂಜೆ ನಾಲ್ಕಕ್ಕೆ ನೋಡಿದರೆ, ಸಂಶೋಧನೆಯ ಆರನೇ ವರ್ಷದಲ್ಲಿದ್ದ ಹುಡುಗಿ ಕೋಲ್ಡ್ ರೂಮಿನ ಕಪಾಟುಗಳನ್ನೆಲ್ಲ ತಡಕಾಡುತ್ತಿದ್ದಾಳೆ. ಮೂರು ವಾರ ಬ್ಯಾಕ್ಟೀರಿಯಾ ಬೆಳೆಸಿ, ಒಡೆದು, ಸೋಸಿ ತೆಗೆದ ಪ್ರೋಟೀನು ಅವಳದು. ಅದು ಗಾಜಿನ ಕೊಳವೆಯೊಳಗಿನ ಮಣಿಗಳಿಗೆ ಅಂಟಿಕೊಳ್ಳಬೇಕಿತ್ತು. ಅಂಟಿರಲಿಲ್ಲ. ಕೆಳಗಿಳಿದ ನೀರಿನಲ್ಲೇ ಅಷ್ಟೂ ಉಳಿದಿತ್ತು. ಈಗ ಆ ನೀರಿನ ಬಾಟಲಿಯೇ ಇಲ್ಲ.

“ನಾನೇ ಚೆಲ್ಲಿರ್ಬೇಕು ಸರ್,” ಅಂದಳು ಮೇಷ್ಟ್ರಿಗೆ. “ಇಟ್ಟೆ ಅಂತಾನೂ ಅನ್ಸುತ್ತೆ, ಚೆಲ್ಲಿದೆ ಅಂತಾನೂ ಅನ್ಸುತ್ತೆ.”

ದೊಡ್ಡಮ್ಮನಿಗೆ ತಾನು ಚೆಲ್ಲಿದ ಬಾಟಲಿ ನೆನಪಾಯಿತು. ಬಾಯಿ ಮಾತ್ರ ಬಿಡಲಿಲ್ಲ. ಮನೆಗೆ ಹೊರಡುವ ಮುಂಚೆ ತಳ್ಳುಗಾಡಿ ಒರೆಸುವಾಗ, ತಟ್ಟೆಯ ಅಡಿಗೆ ಒದ್ದೆ ಚೀಟಿಯೊಂದು ಅಂಟಿಕೊಂಡಿತ್ತು. ಹುಡುಗಿಯದೇ ಅಕ್ಷರ: ‘ದಯವಿಟ್ಟು ಚೆಲ್ಲಬೇಡಿ.’ ಕೋಲ್ಡ್ ರೂಮಿನಲ್ಲಿ ಬೆವೆತ ಗಾಜಿನ ಮೇಲೆ ಅಂಟು ನಿಲ್ಲುವುದಿಲ್ಲವೆಂದು ದೊಡ್ಡಮ್ಮನಿಗಿಂತ ಚೆನ್ನಾಗಿ ಬಲ್ಲವರು ಯಾರು? ಚೀಟಿಯನ್ನು ಏಪ್ರನ್ ಜೇಬಿಗೆ ಹಾಕಿಕೊಂಡಳು. ಮೂವತ್ತೊಂದು ವರ್ಷ ಯಾರಿಂದಲೂ ಒಂದು ಮಾತು ಅನ್ನಿಸಿಕೊಳ್ಳದವಳು ಹೋಗುವ ಹೊತ್ತಿನಲ್ಲಿ ಇದನ್ನು ಹೊತ್ತು ಹೋಗಬೇಕೇ ಎಂಬ ಸಂಕಟ.

ಆ ವಿಭಾಗದಲ್ಲೊಂದು ಕಟ್ಟಳೆ. ಮಾದರಿ ಹಾಳುಮಾಡಿದವರು ಮರುದಿನದ ಚಹಾಕ್ಕೆ ಬಿಸ್ಕತ್ತು ತಂದು, ಹೇಗೆ ಹಾಳಾಯಿತೆಂದು ಎಲ್ಲರೆದುರು ಹೇಳಬೇಕು. ಬುಧವಾರ ಹುಡುಗಿ ತಂದಳು. “ಬೇಕರಿಯವ್ರು ನಿನ್ ಹೆಸ್ರಲ್ಲೇ ಒಂದು ಡಬ್ಬ ಇಟ್ಬಿಟ್ಟಿದಾರಂತೆ,” ಎಂದು ಯಾರೋ ಕಿಚಾಯಿಸಿದರು. ಅವಳೂ ನಕ್ಕಳು. ಆಮೇಲೆ ಸಿಂಕಿನ ಹತ್ತಿರ ಬಂದು ನಿಂತಳು.

“ಶುಕ್ರವಾರ ಬಿಟ್ಟು ಹೋಗ್ತಿದೀನಿ ದೊಡ್ಡಮ್ಮ. ಪತ್ರ ಬರೆದಾಯ್ತು.”

“ಒಂದು ಬಾಟ್ಲಿಗೇನೇ?”

“ಬಾಟ್ಲಿ ಹೋದ್ರೆ ಹೋಗ್ಲಿ, ಮತ್ತೆ ಮಾಡ್ಬಹುದು. ನನ್ನ ಕೈ ಏನ್ ಮಾಡ್ತು ಅಂತ ನಂಗೇ ಗೊತ್ತಿಲ್ವಲ್ಲ! ಹಾಗಿದ್ಮೇಲೆ ಆರು ವರ್ಷದ ನೋಟ್‌ಬುಕ್ಕಲ್ಲಿ ಯಾವ ಸಾಲು ನಂಬ್ಲಿ?”

ಅಯ್ಯೋ ಪಾಪಿ ನಾನು, ಅಂದುಕೊಂಡಳು ದೊಡ್ಡಮ್ಮ. ನಲ್ಲಿ ಸುಮ್ಮನೆ ಹರಿಯುತ್ತಿತ್ತು.

ಗುರುವಾರದ ಚಹಾಕ್ಕೆ ಬಿಸ್ಕತ್ತಿನ ಪೊಟ್ಟಣ ತಂದಿಟ್ಟವಳು ದೊಡ್ಡಮ್ಮ. ಎಲ್ಲರೂ ಬೀಳ್ಕೊಡುಗೆಯದೆಂದು ತಿಳಿದು ಕೈಚಾಚಿದರು.

“ತಡೀರಿ. ಆ ಬಾಟ್ಲಿ ಚೆಲ್ಲಿದ್ದು ನಾನು. ಲೇಬಲ್ ಉದುರಿತ್ತು. ಕೂಗಿ ಕೇಳ್ಬೇಕಿತ್ತು, ಕೇಳ್ಲಿಲ್ಲ. ಎರಡು ದಿನ ಬಾಯ್ಮುಚ್ಕೊಂಡಿದ್ದೆ, ಅದು ಇನ್ನೂ ದೊಡ್ಡ ತಪ್ಪು.” ಜೇಬಿನಿಂದ ಚೀಟಿ ತೆಗೆದು ಹುಡುಗಿಯ ಮುಂದಿಟ್ಟಳು.

ಹುಡುಗಿ ಅದನ್ನು ಅಂಗೈಯಲ್ಲಿಟ್ಟು ನಿಧಾನಕ್ಕೆ ನೀವಿದಳು. ತನ್ನದೇ ಅಕ್ಷರವನ್ನು ಎರಡೆರಡು ಸಲ ಓದಿದಳು.

“ಇಟ್ಟಿದ್ದೆ,” ಅಂದಳು. “ಸರ್, ನಾನು ಇಟ್ಟಿದ್ದೆ!” ಅಷ್ಟಂದು ಬಿಕ್ಕಿ ಬಿಕ್ಕಿ ಅತ್ತಳು.

“ಬೈದ್ಬಿಡೇ ಒಂದ್ಸಲ,” ಅಂದಳು ದೊಡ್ಡಮ್ಮ.

ಹುಡುಗಿ ಬೈಯಲಿಲ್ಲ. ನೋಟ್‌ಬುಕ್ ತೆರೆದು, ಮಂಗಳವಾರದ ಪುಟದಲ್ಲಿ ಚೀಟಿಯನ್ನು ಅಂಟಿಸಿದಳು. ಮೂಗು ಒರೆಸಿಕೊಂಡು ಒಂದು ಬಿಸ್ಕತ್ತು ತೆಗೆದುಕೊಂಡಳು.

“ನಾಳೆ ದೊಡ್ಡ ಫ್ಲಾಸ್ಕು ನಾಲ್ಕು ಬೇಕು, ದೊಡ್ಡಮ್ಮ. ಮೊದಲಿಂದ ಬೆಳೆಸ್ಬೇಕು.”

ಬೆಳೆಸಿ ಸೋಸಲು ಮೂರು ವಾರ. ತನಗೆ ಉಳಿದಿರುವುದು ಹದಿನಾರು ದಿನ. ದೊಡ್ಡಮ್ಮ ಮಂಡಿ ಹಿಡಿದುಕೊಂಡು ಎದ್ದು, ಫ್ಲಾಸ್ಕು ತೊಳೆಯಲು ಹೋದಳು.