ಹುಳದ ಮನೆಯಲ್ಲಿ ಎರಡು ಸೀಟಿನ ಕಾರು

ನನ್ನ ಬಾಯಿ ದೊಡ್ಡದು, ಒಪ್ಕೊತೀನಿ. ಅಕ್ಕೂರಲ್ಲಿ ಯಾರನ್ನ ಬೇಕಾದ್ರೂ ಕೇಳಿ, ಸಿದ್ದಮ್ಮ ಬಯ್ಯೋಕೆ ನಿಂತ್ರೆ ಮೇಯೋ ದನಾನೂ ತಲೆ ಎತ್ತಿ ನೋಡ್ತವೆ ಅಂತಾರೆ. ಏನ್ ಮಾಡ್ಲಿ, ಮೂವತ್ತೆರಡು ವರ್ಷದಿಂದ ರೇಷ್ಮೆ ಹುಳ ಸಾಕ್ತಾ ಇವ್ನಿ. ಹುಳಕ್ಕೆ ವಾಸನೆ ಆಗಲ್ಲ, ಹೊಗೆ ಆಗಲ್ಲ, ಹೊರಗಿನ ಕಾಲ್ದೂಳು ಆಗಲ್ಲ. ಗಟ್ಟಿಯಾಗಿ ಬೈದ್ರೆ ಮಾತ್ರ ಜನ ಚಪ್ಪಲಿ ಆಚೆ ಬಿಡ್ತಾರೆ. ತಲೆ ತುಂಬ ಮಲ್ಲಿಗೆ ಮುಡ್ಕಂಡು ಬಂದ ನನ್ನ ಸ್ವಂತ ಅಕ್ಕನ್ನೇ ಹುಳದ ಮನೆ ಬಾಗ್ಲಲ್ಲಿ ನಿಲ್ಸಿ ವಾಪಸ್ ಕಳ್ಸಿವ್ನಿ. ಅಂಥೋಳ ಮನೆಗೆ ಪೆಟ್ರೋಲ್ ವಾಸನೆ ಹೊಡೆಯೋ ಸೊಸೆ ಬಂದ್ಲು ನೋಡಿ.

ಧನುಶ್ರೀ ಉಯ್ಯಂಬಳ್ಳಿಯೋಳು. ಅವಳಪ್ಪ ಚಲುವಯ್ಯ ಟ್ರ್ಯಾಕ್ಟರ್ ರಿಪೇರಿ ಮಾಡೋನು. ಬೇರೆ ಹೆಣ್ಮಕ್ಕಳು ರಂಗೋಲಿ ಕಲಿಯೋ ವಯಸ್ಸಲ್ಲಿ ಇವ್ಳು ಅಪ್ಪನ ಪಕ್ಕ ಕೂತು ಸ್ಪ್ಯಾನರ್ ನಂಬರ್ ಕಲಿತವಳು. ನನ್ನ ಮಗ ಮನೋಹರ ಡೈರಿ ಹಾಲಿನ ವ್ಯಾನ್ ಓಡಿಸ್ತಾನೆ. ಆ ವ್ಯಾನು ಉಯ್ಯಂಬಳ್ಳಿ ರೋಡಲ್ಲಿ ಕೆಟ್ಟು ನಿಂತಾಗ ಇವ್ಳು ರಿಪೇರಿ ಮಾಡಿಕೊಟ್ಲಂತೆ. ವ್ಯಾನೂ ರೆಡಿಯಾಯ್ತು, ಇವ್ನೂ ಬಿದ್ದ.

ಮದುವೆಯಾದ ಎರಡನೇ ವರ್ಷ, ಒಂದಿನ ಟೆಂಪೋದಲ್ಲಿ ಒಂದು ಹಳೇ ಕಾರು ತಂದು ಅಂಗಳದಲ್ಲಿ ಇಳಿಸಿದ್ಲು. ಎರಡೇ ಸೀಟು. ಮೇಲೆ ಸೂರಿಲ್ಲ. ಕುರಿಮರಿ ಎತ್ತರ ಐತೆ.

"ಇದೇನಮ್ಮಿ ಇದು?" ಅಂದೆ.

"ಸ್ಪೋರ್ಟ್ಸ್ ಕಾರು ಅತ್ತೆ. ಇಪ್ಪತ್ತೈದು ವರ್ಷದ್ದು. ಈಗ ಇಂಥದ್ದು ಮಾಡೋರಿಲ್ಲ."

"ಮಳೆ ಬಂದ್ರೆ?"

"ನೆನೀಬೇಕು."

ಅವ್ಳು ನಗ್ತಾ ಹೇಳಿದ್ಲು, ನಂಗೆ ಮೈಯೆಲ್ಲ ಉರಿದೋಯ್ತು. ಬೈದೆ. ಒಂದು ವಾರ ಬೈದೆ. ಅವ್ಳು ಹೂಂ ಅತ್ತೆ, ಹೂಂ ಅತ್ತೆ ಅಂತ ಬಾನೆಟ್ ಒಳಗೇ ತಲೆ ಇಟ್ಕಂಡಿದ್ಲು.

ಆ ಕಾರಿನ ಎಂಜಿನ್ ಹಿಡ್ಕಂಬುಟ್ಟಿತ್ತು, ಒಂದು ಸುತ್ತೂ ತಿರುಗ್ತಿರಲಿಲ್ಲ. ಅದರ ಪಾರ್ಟ್ಸೂ ಎಲ್ಲೂ ಸಿಗಲ್ವಂತೆ. ಅದಕ್ಕೆ ಇವ್ಳು ಆಕ್ಸಿಡೆಂಟ್ ಆಗಿ ಗುಜರಿಗೆ ಬಂದಿದ್ದ ಎಸ್ಟೀಮ್ ಕಾರಿನ ಎಂಜಿನ್ ತಂದ್ಲು. ಒಂದರ ಹೊಟ್ಟೆಗೆ ಇನ್ನೊಂದರ ಎಂಜಿನ್ ಕೂರಿಸೋದು ಸುಮ್ನೆ ಅಲ್ಲ ಕಣ್ರಪ್ಪ, ನಾನು ಕಣ್ಣಾರೆ ಕಂಡಿವ್ನಿ. ಹುಣಸೇ ಕೊಂಬೆಗೆ ಚೈನ್ ಬ್ಲಾಕ್ ರಾಟೆ ಕಟ್ಟಿ ಒಬ್ಬಳೇ ಎಂಜಿನ್ ಎತ್ತೋಳು, ಇಳಿಸೋಳು, ಅರ್ಧ ಬೆರಳು ಹೆಚ್ಚುಕಮ್ಮಿ ಅಂತ ಮತ್ತೆ ಎತ್ತೋಳು. ಮೊದಲು ರಟ್ಟಲ್ಲಿ ಅಳತೆ ಕತ್ತರಿಸಿ, ಅದು ಸರಿಯಾದ್ಮೇಲೇ ಕಬ್ಬಿಣಕ್ಕೆ ಕೈ ಹಚ್ಚೋಳು. ನನ್ನ ಹಳೇ ಸೀರೆ ಹರಿದು ಒಂದೊಂದು ವೈರಿಗೂ ಒಂದೊಂದು ಬಣ್ಣದ ಚಿಂದಿ ಕಟ್ಟಿದ್ಲು, ಯಾವುದು ಎಲ್ಲಿಗೆ ಅಂತ ಮರೀಬಾರ್ದು ಅಂತ. ಎಂಜಿನ್ ಬದಲಾಯಿಸೋಕೆ ಆರ್‌ಟಿಓ ಪರ್ಮಿಷನ್ನೂ ಮೊದಲೇ ತಗಂಡಿದ್ಲು. ನಾನು ಬಾಯಲ್ಲಿ ಬೈತಿದ್ದೆ, ಕಣ್ಣು ಮಾತ್ರ ಅವಳ ಕೈ ಬಿಟ್ಟು ಕದಲ್ತಿರಲಿಲ್ಲ.

ರಾಮನಗರದಲ್ಲಿ ಹಳೇ ಕಾರುಗಳ ಗ್ಯಾರೇಜ್ ಇಟ್ಟಿರೋ ಆಫ್ತಾಬಣ್ಣ ಒಂದಿನ ನೋಡೋಕೆ ಬಂದ. ಸುತ್ತಲೂ ಬಂದು, ಬಗ್ಗಿ, ಬೆರಳಲ್ಲಿ ತಟ್ಟಿ ನೋಡಿ ಹೇಳ್ದ: "ತಂಗಿ, ಬರೋ ಒಂದನೇ ತಾರೀಕು ಈ ಗಾಡಿ ನೀನೇ ಓಡಿಸ್ಕಂಡು ನನ್ನ ಗ್ಯಾರೇಜಿಗೆ ಬಾ. ಬಂದ್ರೆ ನನ್ನ ಶೆಡ್ಡಲ್ಲಿ ಅರ್ಧ ನಿಂದು, ಹಳೇ ಗಾಡಿ ಕೆಲಸ ಎಲ್ಲಾ ನಿಂದೇ. ಬರಲಿಲ್ಲ ಅಂದ್ರೆ ಬೇರೆಯೋರು ಕೇಳ್ತಾವ್ರೆ, ನಾನು ಕಾಯಕ್ಕಾಗಲ್ಲ."

ಅವತ್ತು ನನ್ನ ಸೊಸೆ ಮುಖ ನೋಡ್ಬೇಕಿತ್ತು ನೀವು. ಮದುವೆ ದಿನಾನೂ ಅಷ್ಟು ಬೆಳಗಿರಲಿಲ್ಲ.

ಅಷ್ಟರಲ್ಲಿ ಮಳೆ ಹಿಡ್ಕತು. ಕಾರಿನ ಮೈ ಫೈಬರ್‌ದು, ಅದನ್ನೂ ಅಳತೆಗೆ ಕೂರಿಸಿದ್ದ ಎಂಜಿನ್ನನ್ನೂ ಬಿಚ್ಚಿ ಪಕ್ಕಕ್ಕಿಟ್ಟಿದ್ಲು. ಅಡಿಯ ಕಬ್ಬಿಣದ ಚೌಕಟ್ಟನ್ನ ಹಳೇ ಬಣ್ಣ, ತುಕ್ಕು ಎಲ್ಲಾ ಹೋಗೋವರ್ಗೂ ಉಜ್ಜಿ ಬೆಳ್ಳಿ ಲೋಟದಂಗೆ ಮಾಡಿದ್ಲು. ಇನ್ನು ಪ್ರೈಮರ್ ಬಳಿಯೋದೊಂದು ಬಾಕಿ. "ಅತ್ತೆ, ಹನಿ ಬಿದ್ರೆ ತುಕ್ಕು ಹಿಡೀತದೆ. ಈ ಬೆಳೆ ಮುಗೀತಲ್ಲ, ಮುಂದಿನ ಹುಳ ಬರೋವರ್ಗೂ ಹುಳದ ಮನೆ ಕೊಡಿ" ಅಂತ ಕೇಳಿದ್ಲು. ಚಾಕಿ ಹುಳ, ಅದೇ ಎಳೇ ಮರಿ ಹುಳ, ಹದಿನೆಂಟನೇ ತಾರೀಕು ಬರೋದಿತ್ತು. ಒಸಿ ಗೊಣಗಿ ಕೊಟ್ಟೆ. ಎಲ್ಲಾರೂ ಸೇರಿ ಚೌಕಟ್ಟು, ಎಂಜಿನ್ನು, ವೈರು ಎಲ್ಲಾನೂ ಒಳಗೆ ಇಟ್ವಿ.

ಹನ್ನೆರಡನೇ ತಾರೀಕು ಅವ್ಳು ತಮ್ಮನ ಮಗೂಗೆ ಹೆಸರಿಡೋ ಕಾರ್ಯ ಅಂತ ತವರಿಗೆ ಹೋದ್ಲು. ಈಗ ನನ್ನ ಕಥೆ ಕೇಳಿ.

ಹೊಸ ಹುಳ ಬರೋಕೆ ಮುಂಚೆ ಮನೆ ಶುದ್ಧ ಮಾಡೋದು ನಮ್ಮ ಪದ್ಧತಿ. ಬ್ಲೀಚಿಂಗ್ ಪೌಡರು ಸುಣ್ಣ ನೀರಲ್ಲಿ ಕಲಸಿ, ಗೋಡೆ, ನೆಲ, ತಟ್ಟೆ, ಹುಳ ಗೂಡು ಕಟ್ಟೋ ಚಂದ್ರಿಕೆ ಎಲ್ಲಾ ತೊಯ್ಯೋ ಹಂಗೆ ಹೊಡೆದು, ಕಿಟಕಿ ಬಾಗ್ಲು ಬಿಗಿಯಾಗಿ ಹಾಕಿ ಬಿಡ್ಬೇಕು. ಇಲ್ಲಾಂದ್ರೆ ಹಳೇ ಬೆಳೆ ರೋಗ ಹೊಸ ಹುಳಕ್ಕೆ ಬಡೀತದೆ. ನಾನು ಸ್ಪ್ರೇಯರ್ ಬೆನ್ನಿಗೆ ಹಾಕ್ಕಂಡು ಗೋಡೆ ಮುಗಿಸಿ ತಿರುಗಿ ನೋಡ್ದೆ, ಕಾರು ಕೂತೈತೆ. ಗುಜರಿಯಿಂದ ಬಂದಿದ್ದು, ಊರೂರು ಧೂಳು ಕುಡಿದಿದ್ದು. ರೋಗ ಅಲ್ಲೇ ಅಡಗಿದ್ರೆ? ಬಿಡ್ತೀನಾ ನಾನು! ಸಂದಿಗೊಂದಿ ಬಿಡದೆ ಅದಕ್ಕೂ ಹೊಡೆದೆ. ಎಂಜಿನ್ ಸುತ್ತ ಹೊಡೆದೆ, ವೈರಿನ ಗೊಂಚಲಿಗೂ ಹೊಡೆದೆ. ಬಾಗ್ಲು ಹಾಕಿ, ಶಭಾಷ್ ಸಿದ್ದಮ್ಮ ಅಂತ ನನಗೆ ನಾನೇ ಅಂದ್ಕಂಡೆ.

ಎರಡು ದಿನ ಬಿಟ್ಟು ಧನುಶ್ರೀ ಬಂದು ಬಾಗ್ಲು ತೆಗೆದ್ಲು. ಚೌಕಟ್ಟು ಪೂರ್ತಿ ತುಕ್ಕು ಹಿಡಿದು ಕುಂಕುಮ ಬಳಿದಂಗೆ ಕೆಂಪಗಾಗಿತ್ತು. ವೈರಿನ ತುದಿಯ ತಾಮ್ರ ಎಲ್ಲಾ ಹಸಿರು ತಿರುಗಿತ್ತು. ಮೂರು ತಿಂಗಳ ಕೆಲಸ ಎರಡು ದಿನದಲ್ಲಿ ಹಾಳು.

ನಾನು ಬಾಗ್ಲಲ್ಲಿ ನಿಂತು ಕಾಯ್ತಾ ಇದ್ದೆ. ಬಯ್ಯಲಿ, ಅಳಲಿ, ತವರಿಗೆ ಹೋಗಲಿ, ಏನಾದ್ರೂ ಮಾಡ್ಲಿ ಅಂತ. ಅವ್ಳು ಗೋಡೆ ಮೂಸಿ ನೋಡಿದ್ಲು, ಕಬ್ಬಿಣ ಸವರಿ ನೋಡಿದ್ಲು, ಆಮೇಲೆ ನನ್ನ ಕಡೆ ತಿರುಗಿ ಅಂದ್ಲು: "ಹುಳಕ್ಕೆ ಏನು ಮಾಡ್ಬೇಕೋ ಅದನ್ನ ನೀವು ಮಾಡಿದ್ದೀರ ಅತ್ತೆ. ಹೇಳಿ ಹೋಗ್ಬೇಕಾಗಿದ್ದು ನಾನು."

ಥೂ ನನ್ನ ಜನ್ಮಕ್ಕಿಷ್ಟು! ಅವ್ಳು ಬೈದಿದ್ರೆ ನಾನೂ ನಾಲ್ಕು ಬೈದು ಹಗುರಾಗ್ತಿದ್ದೆ. ಹಂಗೂ ಮಾಡ್ಲಿಲ್ಲ ಆ ಹುಡುಗಿ.

ಮಾರನೇ ದಿನಕ್ಕೇ ಸರಿಯಾಗಿ ಆಫ್ತಾಬಣ್ಣ ಬರ್ಬೇಕೇ! ಕೆಲಸ ಎಲ್ಲಿಗೆ ಬಂತು ಅಂತ ನೋಡೋಕೆ ಬಂದೋನು ಕೆಂಪಗಾದ ಚೌಕಟ್ಟು ನೋಡಿ ಹೌಹಾರಿಬುಟ್ಟ. "ಏನಾಯ್ತು ಇದಕ್ಕೆ?"

ನಾನು ಅಲ್ಲೇ ಹಳೇ ಬೆಳೆಯ ಒಣಗಿದ ಹಿಪ್ಪುನೇರಳೆ ಕಡ್ಡಿ ಒಲೆಗೆ ಆಯ್ತಾ ಇದ್ದೆ. ತಲೆ ಎತ್ತಲಿಲ್ಲ.

"ಪ್ರೈಮರ್ ಬಳಿಯದೆ ತೇವದಲ್ಲಿ ಬಿಟ್ಟು ಊರಿಗೆ ಹೋಗ್ಬುಟ್ಟಿದ್ದೆ ಅಣ್ಣ" ಅಂದ್ಲು ಧನುಶ್ರೀ. "ನಂದೇ ತಪ್ಪು."

ಅವ್ನು ನಾಲಿಗೆ ಲೊಚಗುಟ್ಟಿ ಹೊರಟೋದ. ನಾನು ಆಗಲಾದ್ರೂ ಬಾಯಿ ಬಿಡ್ಬೇಕಿತ್ತಲ್ವಾ? ಇಡೀ ಊರಿಗೆ ಕೇಳೋ ಬಾಯಿ ನಂದು, ಅವತ್ತು ಒಂದು ಮಾತು ಹೊರಡಲಿಲ್ಲ. ಹುಳದ ವಿಷಯದಲ್ಲಿ ಸಿದ್ದಮ್ಮ ಎಂದೂ ತಪ್ಪಲ್ಲ ಅನ್ನೋ ಹೆಸರು ಹೋಗ್ತದೆ ಅಂತ ಹೆದರಿದೆ. ನಾಚಿಕೆ ಆಗ್ತದೆ ಹೇಳೋಕೆ, ಆದ್ರೂ ನಿಜ.

ಅವ್ಳಿಗೆ ಹೇಳ್ದೆ, ಈ ಸಲ ಚಾಕಿ ಹುಳ ಬೇಡ ಅಂತ ಹೇಳಿಕಳಿಸ್ತೀನಿ, ಹುಳದ ಮನೇಲೇ ಕೆಲಸ ಮಾಡ್ಕೊ ಅಂತ. ಕೇಳಲಿಲ್ಲ. "ಸೊಪ್ಪು ಕಟಾವಿಗೆ ಬಂದೈತೆ, ಬಿಟ್ರೆ ಬಲಿತೋಗ್ತದೆ. ನಿಮ್ಮ ಕೆಲಸ ನೀವು ಮಾಡಿ, ನನ್ನದು ನಾನು ಮಾಡ್ತೀನಿ" ಅಂತ ಎಲ್ಲಾನೂ ದನದ ಕೊಟ್ಟಿಗೆಗೆ ಸಾಗಿಸಿ, ಟಾರ್ಪಾಲ್ ಕಟ್ಟಿ, ಮತ್ತೆ ಮೊದಲಿಂದ ಉಜ್ಜೋಕೆ ಕೂತ್ಲು. ಹುಳ ಬರೋವರ್ಗೂ ಮೂರು ದಿನ ನಾನೂ ಪಕ್ಕದಲ್ಲಿ ಕೂತು ಉಪ್ಪುಕಾಗದ ಹಿಡಿದು ಉಜ್ಜಿದೆ. ಕೈ ಬೊಬ್ಬೆ ಬಂತು. ಬರಲಿ ಅಂದ್ಕಂಡೆ.

ಹುಳ ಬಂದ್ಮೇಲೆ ನಾನು ಆ ಕಡೆ ಸುಳಿಯೋ ಹಂಗಿರಲಿಲ್ಲ. ಅವ್ಳೂ ಈ ಕಡೆ ಬರ್ತಿರಲಿಲ್ಲ, ಬಟ್ಟೆ ತುಂಬ ಬಣ್ಣದ ವಾಸನೆ. ಅಂಗಳದ ಆ ತುದಿಯಿಂದ ಅವ್ಳು, ಈ ತುದಿಯಿಂದ ನಾನು ಕೂಗಾಡ್ಕಂಡು ಮಾತಾಡ್ತಿದ್ವಿ. ಚೌಕಟ್ಟಿಗೆ ಬಣ್ಣ ಆಯ್ತು. ಎಂಜಿನ್ ಕೂತ್ಕಂತು. ಹಸಿರು ಹಿಡಿದ ವೈರಿನ ತುದಿ ಒಂದೊಂದೇ ಕತ್ತರಿಸಿ ಹೊಸದು ಹಾಕಿದ್ಲು, ನೂರಕ್ಕೆ ಮೇಲಿದ್ವು. ಗಾಳಿ ಹೊಲದ ಕಡೆ ಬೀಸಿದಾಗ ಮಾತ್ರ ಬಣ್ಣ ಹೊಡೆಯೋಳು, ಹುಳದ ಮನೆ ಕಡೆ ತಿರುಗ್ತು ಅಂದ್ರೆ ನಿಲ್ಸೋಳು. ನಾನು ಕೇಳಿರಲಿಲ್ಲ ಹಂಗೆ ಮಾಡು ಅಂತ. ಅವಳ ಒಳ್ಳೇತನ ನೋಡಿ ನಂಗೆ ಅಳು ಬರೋದು, ಅಳೋ ಬದಲು ಮನೋಹರನ್ನ ಹಿಡಿದು ಬೈತಿದ್ದೆ.

ಒಂದನೇ ತಾರೀಕು ಬಂತು. ಕಾರು ರೆಡಿ, ಆದರೆ ಒಂದು ಸಲಾನೂ ಸ್ಟಾರ್ಟ್ ಮಾಡಿರಲಿಲ್ಲ. ಹುಳ ನಾಲ್ಕನೇ ಜ್ವರ, ಅಂದ್ರೆ ಪೊರೆ ಕಳಚೋ ಕೊನೇ ನಿದ್ದೆ, ಮುಗಿಸಿ ಎದ್ದು ಎಡೆಬಿಡದೆ ಸೊಪ್ಪು ತಿನ್ನೋ ಹೊತ್ತು, ಅಂಗಳದಲ್ಲಿ ಹೊಗೆ ಬಿಡೋ ಹಂಗೇ ಇಲ್ಲ. "ರೋಡಿಗೆ ತಳ್ಳೋಣ ಅತ್ತೆ, ಅಲ್ಲಿ ನೋಡ್ಕತೀನಿ" ಅಂದ್ಲು.

ಬೆಳಗ್ಗೆ ಎಂಟಕ್ಕೆ ಅರ್ಧ ಊರು ಸೇರಿತ್ತು. ಎಲ್ಲಾರೂ ತಳ್ಳಿಕೊಂಡು ಅರ್ಧ ಕಿಲೋಮೀಟರ್ ಆಚೆ, ಸೊಸೈಟಿ ಮುಂದಕ್ಕೆ ತಂದ್ವಿ. ಅವ್ಳು ಕೂತ್ಲು, ಕೀ ತಿರುಗಿಸಿದ್ಲು. ಗೊರ್ರ್ ಅಂತು, ನಿಂತೋಯ್ತು. ಇನ್ನೊಂದ್ಸಲ. ಇಲ್ಲ. ಗುಂಪಲ್ಲಿ ಯಾವನೋ ಕಿಸಕ್ ಅಂದ. "ಯಾವನ್ಲಾ ನಗ್ತಾ ಇರೋನು? ಮುಂದಕ್ಕೆ ಬಾರ್ಲಾ!" ಅಂದೆ. ಯಾರೂ ಬರಲಿಲ್ಲ. ಧನುಶ್ರೀ ಇಳಿದು, ಬಾನೆಟ್ ಎತ್ತಿ, ಬಗ್ಗಿ ಏನೋ ಒಂದು ಬಿಗಿ ಮಾಡಿ, ಮತ್ತೆ ಕೂತು ತಿರುಗಿಸಿದ್ಲು. ಹತ್ಕಂತು! ಅಬ್ಬಬ್ಬಾ, ಆ ಸದ್ದು ನನ್ನ ಎದೆ ಒಳಗೇ ಹೊಡೆದಂಗಾಯ್ತು.

"ಬನ್ನಿ ಅತ್ತೆ, ಕೂತ್ಕಳಿ."

"ಹುಳಕ್ಕೆ ಸೊಪ್ಪು ಹಾಕೋ ಹೊತ್ತು ಕಣಮ್ಮಿ."

"ಸೊಪ್ಪು ನಾನ್ ಹಾಕ್ತೀನಿ ಹೋಗವ್ವ" ಅಂದ ಮನೋಹರ.

ಮೂವತ್ತೆರಡು ವರ್ಷದಲ್ಲಿ ನಾಲ್ಕನೇ ಜ್ವರ ಎದ್ದ ಹುಳ ಬಿಟ್ಟು ನಾನು ಹೊಸಿಲು ದಾಟಿದ್ದು ಅದೇ ಮೊದಲು. ಸೆರಗು ಬಿಗಿಯಾಗಿ ಸುತ್ಕಂಡು ಕೂತೆ. ನೆಲದ ಮೇಲೇ ಕೂತಂಗೆ, ಲಾರಿ ಗಾಲಿ ನನ್ನ ಕಿವಿ ಪಕ್ಕದಲ್ಲೇ ಉರುಳ್ತಿತ್ತು. ಹೆದರಿಕೆ ಆಯ್ತು, ಖುಷಿನೂ ಆಯ್ತು. ಪಕ್ಕದಲ್ಲಿ ನನ್ನ ಸೊಸೆ ಗೇರು ಹಾಕೋ ಕೈ ನೋಡ್ತಾ, ಎಂಥಾ ಹುಡುಗಿ ಕಣಪ್ಪ ಇವ್ಳು ಅನ್ನಿಸ್ತು. ರಾಮನಗರದವರ್ಗೂ ಒಂದು ಕಡೆನೂ ಕಾರು ಕೆಮ್ಮಲಿಲ್ಲ.

ಗ್ಯಾರೇಜಲ್ಲಿ ಆಫ್ತಾಬಣ್ಣ ತಾನೇ ಒಂದು ರೌಂಡ್ ಓಡಿಸಿ ಬಂದ. ಬಾನೆಟ್ ಎತ್ತಿದ, ಕೆಳಗೆ ಮಲಗಿ ನೋಡಿದ. ಅವನ ಹುಡುಗರೂ ಸುತ್ತ ನಿಂತಿದ್ರು. ಎದ್ದು ಕೈ ಒರೆಸ್ಕಂಡು ಹೇಳ್ದ: "ಕೆಲಸಕ್ಕೆ ಹೆಸರಿಡೋ ಹಂಗಿಲ್ಲ ತಂಗಿ. ಮಾತಿಲ್ಲ. ಆದ್ರೆ ನಂಗೆ ಒಂದು ವಿಷ್ಯ ಕೊರೀತಾ ಐತೆ. ಬರೀ ಕಬ್ಬಿಣ ತೇವದಲ್ಲಿ ಬಿಟ್ಟು ಊರಿಗೆ ಹೋಗಿದ್ದೆ ಅಂದೆಯಲ್ಲ. ಇಲ್ಲಿಗೆ ಬರೋವು ಜನರು ಮಕ್ಕಳಂಗೆ ನೋಡ್ಕಳೋ ಗಾಡಿಗಳು. ಒಂದ್ಸಲ ಮೈ ಮರೆತ್ರೆ ನನ್ನ ಗ್ಯಾರೇಜಿನ ಹೆಸರೇ ಹೋಯ್ತು. ಶೆಡ್ಡು ಬೇರೆಯೋರಿಗೆ ಕೊಡೋಣ ಅಂತಿದ್ದೀನಿ, ಬೇಜಾರ್ ಮಾಡ್ಕೋಬೇಡ."

ಧನುಶ್ರೀ ಮುಖ ಬಿಳಿಚ್ಕಂತು. ನನ್ನ ಕಡೆ ನೋಡಲಿಲ್ಲ. "ಸರಿ ಅಣ್ಣ" ಅಂತ ಕೀ ತಗಳೋಕೆ ಕೈ ಚಾಚಿದ್ಲು.

ಅಲ್ಲಿಗೆ ನನ್ನ ಕೈಲಿ ತಡೆಯೋಕಾಗಲಿಲ್ಲ.

"ಆಫ್ತಾಬಣ್ಣ, ಅವ್ಳು ಸುಳ್ಳು ಹೇಳವ್ಳೆ" ಅಂದೆ. "ಅವ್ಳು ಹುಳದ ಮನೇಲಿ ಬೆಚ್ಚಗೆ ಒಣಗಿದ ಜಾಗದಲ್ಲಿ ಇಟ್ಟು ಹೋಗಿದ್ಲು. ಬ್ಲೀಚಿಂಗ್ ಹೊಡೆದೋಳು ನಾನು. ಕಾರಿಗೂ ಹೊಡೆದೆ. ನೀನು ಬಂದು ಕೇಳ್ದಾಗ ಪಕ್ಕದಲ್ಲೇ ಕೂತಿದ್ದೆ, ಬಾಯಿ ಬಿಡ್ಲಿಲ್ಲ. ಇಷ್ಟು ವಯಸ್ಸಾದೋಳು ಸೊಸೆ ಹಿಂದೆ ಬಚ್ಚಿಟ್ಕಂಡೆ."

ಆಫ್ತಾಬಣ್ಣ ನನ್ನ ನೋಡ್ದ, ಅವಳನ್ನ ನೋಡ್ದ. ಅವನ ಅಮ್ಮ ಜೈನಬ್ ಗೂಡಿಂದ ರೇಷ್ಮೆ ನೂಲು ಬಿಚ್ಚೋ ಕೆಲಸ ಮಾಡ್ತಿದ್ದೋರು, ಹುಳದೋರ ಪದ್ಧತಿ ಅವನಿಗೇನು ಹೊಸದಲ್ಲ.

"ಕಾರಿಗೂ ಬ್ಲೀಚಿಂಗ್ ಹೊಡೆದ್ರಾ!" ಅಂತ ತಲೆ ಮೇಲೆ ಕೈ ಇಟ್ಕಂಡ. ಆಮೇಲೆ ಧನುಶ್ರೀ ಕಡೆ ತಿರುಗಿದ. "ಅಲ್ಲಾ ತಂಗಿ, ಈಗಿನ್ನೂ ಶೆಡ್ಡು ಕೈ ಬಿಟ್ಟು ಹೋಗ್ತಿತ್ತು. ಆಗಲೂ ಹೇಳಲಿಲ್ಲ ನೀನು. ಯಾಕೆ?"

ಅವ್ಳು ನೆಲ ನೋಡ್ತಾ ಹೇಳಿದ್ಲು: "ಬೈಸ್ಕಂಡು ನಂಗೆ ಅಭ್ಯಾಸ ಐತೆ ಅಣ್ಣ. ಅತ್ತೇಗೆ ಇಲ್ಲ."

ಹುಡುಗರೆಲ್ಲ ಗೊಳ್ ಅಂತ ನಕ್ರು. ಆಫ್ತಾಬಣ್ಣನೂ ನಗ್ತಾ ಶೆಡ್ಡಿನ ಬೀಗದ ಕೈ ತೆಗೆದು ಅವಳ ಕೈಗೆ ಹಾಕ್ದ. ನಂಗೆ ಮಾತ್ರ ನಗು ಬರಲಿಲ್ಲ. ಅಷ್ಟು ಜನರ ಮುಂದೆ ನನ್ನ ಸೊಸೆಯನ್ನ ತಬ್ಬಿಕೊಂಡು ಅತ್ತುಬುಟ್ಟೆ.